ಚಂದ್ರ ಕಾಣುವ ಮುನ್ನ

ಹಿತ್ತಾಳೆ ಲೋಟಗಳಲ್ಲಿ ಅರ್ಧದಷ್ಟು ಬೆಳಗಿಯಾಗಿತ್ತು. ಉಳಿದವು ಬಚ್ಚಲ ಕಟ್ಟೆಯ ಮೇಲೆ ಮಂಕಾಗಿ ಕೂತಿದ್ದವು. ಪ್ರಾಜಕ್ತಾ ಒಂದೊಂದಕ್ಕೇ ಹುಣಸೆಹಣ್ಣು ತಿಕ್ಕಿ, ತೊಳೆದು, ಹಳೆಯ ನೂಲಿನ ಸೀರೆಯ ತುಂಡಿನಿಂದ ಒಳಗೂ ಹೊರಗೂ ಒರೆಸಿ ಬೋರಲು ಹಾಕುತ್ತಿದ್ದಳು.

ಲೋಟಗಳ ಪಕ್ಕದಲ್ಲಿ ಗಂಡನ ಊಟದ ಡಬ್ಬಿಯಿತ್ತು. ಮುಚ್ಚಳ ತೆಗೆದರೆ ಹುಳಿ ಮುಗ್ಗು ವಾಸನೆ ಮೂಗಿಗೆ ಬಡಿಯಿತು.

ದತ್ತಾತ್ರೇಯ ತನ್ನ ಡಬ್ಬಿ ತಾನೇ ತೊಳೆಯುತ್ತಾನೆ. ಆ ಮಾತಿಗೆ ಬೀಗಿತ್ತಿಯರೆಲ್ಲ ಅವನನ್ನು ಹೊಗಳುತ್ತಾರೆ. ಆದರೆ ನೀರು ಬಸಿಯುವ ಮೊದಲೇ ಮುಚ್ಚಳ ಜಡಿದುಬಿಡುತ್ತಾನೆ. ಮದುವೆಯಾದ ಹೊಸದರಲ್ಲಿ ಪ್ರಾಜಕ್ತಾ ಇದಕ್ಕೆ ಜಗಳವಾಡಿದ್ದಳು. ಆಮೇಲಾಮೇಲೆ ನಕ್ಕಿದ್ದಳು. ಈಗ ಎರಡೂ ಇಲ್ಲ. ತೆರೆಯುತ್ತಾಳೆ, ಮತ್ತೆ ತೊಳೆಯುತ್ತಾಳೆ.

"ಅವನ್ನ ಯಾಕ ತಿಕ್ಕಲಿಕ್ಕೆ ಹತ್ತೀ? ನಡಿಗಿ ಬಂದ್ ಮಾಡೀವಲ್ಲ?"

ದತ್ತಾತ್ರೇಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ರಬಕವಿಯ ಸೀರೆ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಅವನ ಕೆಲಸ. ಇವತ್ತು ತಲೆನೋವೆಂದು ಅರ್ಧ ದಿನಕ್ಕೇ ಬಂದುಬಿಟ್ಟಿದ್ದ.

"ಎಸ್ಸೈ ಮೇಡಮ್ಮಾರು ಕರದಾರ. ಆವತ್ತ ಹೆಂಗ ನಡದಿದ್ವೋ ಹಂಗ ಇನ್ನೊಮ್ಮೆ ನಡೀಬೇಕಂತ. ಲೋಟಾನೂ ತರ್ರಿ ಅಂದಾರ."

"ಲಗಮವ್ವನ್ನ ಹಿಡದಾರ. ಇನ್ನೇನ ನೋಡೂದದ ಅಂತ?"

"ನಂಗೇನ ಗೊತ್ತು? ಕರದಾರ, ಹೋಗ್ತೀನಿ."

ಅವನು ಇನ್ನೂ ಏನೋ ಕೇಳುವವನಂತೆ ನಿಂತ. ಹೊರಟುಹೋದ. ಹೊರಕೋಣೆಯಲ್ಲಿ ಟಿ.ವಿ. ಸದ್ದು ಜೋರಾಯಿತು.

ಲೋಟಗಳನ್ನು ಚೀಲಕ್ಕೆ ತುಂಬುವಾಗ ಪ್ರಾಜಕ್ತಾಳ ಕಣ್ಣು ಮೇಲಿನ ಹಲಗೆಯತ್ತ ಹೋಯಿತು. ಅಲ್ಲಿ ಕಾಶೀಬಾಯಿ ಆತ್ಯಾಳ ಫಿರಕಿ ತಂಬಿಗೆಯಿತ್ತು. ತಿರುವಿ ಮುಚ್ಚುವ ಮುಚ್ಚಳದ, ಪಂಢರಪುರದಿಂದ ತಂದ ಸ್ಟೀಲಿನ ತಂಬಿಗೆ. ಅವಳು ಕಣ್ಣು ತಪ್ಪಿಸಿ ಚೀಲದ ಬಾಯಿ ಕಟ್ಟಿದಳು.

ಕಾಶೀಬಾಯಿ ಗಂಡನ ಸೋದರತ್ತೆ. ಬಂದವರಿಗೆ ಊರು ಸುತ್ತಿಸುತ್ತ, ನಿಂತಲ್ಲೆಲ್ಲ ಒಂದೊಂದು ಪಾನೀಯ ಕುಡಿಸಿ ಕತೆ ಹೇಳುವ 'ಗುಟುಕು ನಡಿಗೆ'ಯನ್ನು ಪ್ರಾಜಕ್ತಾ ಮತ್ತು ಅವಳು ಕೂಡಿ ನಡೆಸುತ್ತಿದ್ದರು. ಕಳೆದ ವಾರದ ನಡಿಗೆಯ ಕೊನೆಯಲ್ಲಿ, ಪುಣೆಯಿಂದ ಬಂದವರ ಎದುರು ಕತೆ ಹೇಳುತ್ತಲೇ ತನ್ನ ಹಿರೀಕರ ದೊಡ್ಡ ಮನೆಯಾದ ವಾಡೆಯ ಅಂಗಳದಲ್ಲಿ ಬಿದ್ದಿದ್ದಳು. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ವಿಷ ಎಂದರು ಡಾಕ್ಟರು. ಇವತ್ತು ಮುಂಜಾನೆ ಪೊಲೀಸರು ಮಜ್ಜಿಗೆ ಮಾರುವ ಲಗಮವ್ವನನ್ನು ಹಿಡಿದಿದ್ದರು. ನಾಳೆ ಅವಳನ್ನು ಕೋರ್ಟಿಗೆ ಒಪ್ಪಿಸುತ್ತಾರೆ.

*

ಎಸ್ಸೈ ಶೈಲಾ ಯೂನಿಫಾರ್ಮ್ ಹಾಕದೆ ಬಂದಿದ್ದಳು. ಮಾಸಲು ನೀಲಿ ಚೂಡಿದಾರ, ಕಾಲಲ್ಲಿ ಬೂಟು. ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಸೋಮಲಿಂಗನ ಸೋಡಾ ಅಂಗಡಿಯ ಮುಂದೆ ಕಾಯುತ್ತಿದ್ದಳು.

"ಶುರು ಮಾಡ್ರಿ ಅಕ್ಕಾರ. ನಾ ಪುಣೆದಾಕಿ ಅಂತ ತಿಳಕೊರ್ರಿ. ಒಂದಕ್ಷರ ಬಿಡಬ್ಯಾಡ್ರಿ."

ಪ್ರಾಜಕ್ತಾ ಬಾಯಿಪಾಠವಾಗಿದ್ದ ಮಾತುಗಳನ್ನು ಶುರುಮಾಡಿದಳು. ಸಂಸ್ಥಾನದ ಕಾಲದಲ್ಲಿ ಈ ಅಗಸಿಯ ಬಾಗಿಲು ಸಂಜೆಗೆ ಮುಚ್ಚುತ್ತಿದ್ದದ್ದು, ತಡವಾಗಿ ಬಂದ ಸಂತೆಯವರು ಹೊರಗೇ ಉಳಿಯುತ್ತಿದ್ದದ್ದು. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು.

ಸೋಮಲಿಂಗ ಗೋಲಿ ಒತ್ತಿದ. ಸೋಡಾ ಚೀರಿತು.

"ನಿಮ್ಮ ನಡಿಗೀಗೆ ಊರಾಗ ಈಗೇನ ಹೆಸರಿಟ್ಟಾರ ಗೊತ್ತೈತೇನ್ರಿ ಬಾಯಾರ?" ಎಂದ. "ಕಡೀ ಗುಟುಕು."

"ನಿನ್ನ ಸೋಡಾ ಕುಡದ ಮ್ಯಾಲೆ ನಾ ನೆಟ್ಟಗ ನಿಂತೇನಿ ನೋಡು," ಎಂದಳು ಶೈಲಾ. "ಹೆಸರ ಬದಲ ಮಾಡಂತ ಹೇಳು."

ಕಬ್ಬಿನ ಹಾಲಿನ ಅಂಗಡಿಯಲ್ಲಿ ಹಿಪ್ಪರಗಿಯ ಹಸಿ ಕಬ್ಬು ಗಾಣಕ್ಕೆ ಹೋಗುತ್ತಿತ್ತು. ಕಾಶೀಬಾಯಿಯ ಕತೆಗಳು ಇಲ್ಲಿಂದ ಶುರುವಾಗುತ್ತಿದ್ದವು. ಕುಡಚಿಯ ಸ್ಟೇಷನ್ನಿನಿಂದ ಗೋಣಿಚೀಲದಲ್ಲಿ ಸುತ್ತಿದ ಬರ್ಫು ಚಕ್ಕಡಿಯಲ್ಲಿ ಬರುತ್ತಿತ್ತಂತೆ. ಊರು ಮುಟ್ಟುವಷ್ಟರಲ್ಲಿ ಚೀಲವಷ್ಟೇ ಉಳಿಯುತ್ತಿತ್ತಂತೆ. ಚಕ್ಕಡಿಯವನು ಆ ಒದ್ದೆ ಚೀಲವನ್ನೇ ಅರಮನೆಗೆ ಒಪ್ಪಿಸಿ ಬರುತ್ತಿದ್ದನಂತೆ. ಖರೆಯೋ ಸುಳ್ಳೋ, ಕೇಳಿದವರು ನಗುತ್ತಿದ್ದರು.

"ನಮ್ಮ ಬೀಳಗ್ಯಾಗ ಇಂಥಾ ನಡಿಗಿ ಮಾಡಿದ್ರ ಚಾದಂಗಡ್ಯಾಗ ಹುಟ್ಟಿ ಚಾದಂಗಡ್ಯಾಗ ಸಾಯತೈತಿ ನೋಡ್ರಿ," ಎಂದಳು ಶೈಲಾ. ಅದೇ ಉಸಿರಿನಲ್ಲಿ ಕೇಳಿದಳು. "ಬಿದ್ದಾಗ ಏನರ ಮಾತಾಡಿದ್ರೇನ್ರಿ, ನಿಮ್ಮ ಆತ್ಯಾರು?"

"ಚಂದ್ರ ಬಂದ್ನೇನ, ಅಂದ್ರು."

"ಚಂದ್ರ ಅಂದ್ರ ಯಾರು?"

"ಯಾರೂ ಇಲ್ಲ. ಮ್ಯಾಲೆ ನೋಡಿಕೋತ ಎರಡ ಸಲ ಕೇಳಿದ್ರು. ಭ್ರಮಾ ಆಗಿರಬೇಕು ಅಂದ್ರು ಡಾಕ್ಟರು."

ಶೈಲಾ ತಲೆಯೆತ್ತಿ ಆಕಾಶ ನೋಡಿದಳು. ಚಂದ್ರನಿರಲಿಲ್ಲ. ಕೋಟೆಗೋಡೆಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು.

*

ಬೇವಿನ ಮರದ ಕೆಳಗೆ ಲಗಮವ್ವನ ಗಡಿಗೆಗಳು ಬೋರಲಾಗಿದ್ದವು. ಪಕ್ಕದಲ್ಲಿ ಅವಳ ಸೊಸೆ ತಾರವ್ವ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದಳು. ಪ್ರಾಜಕ್ತಾಳನ್ನು ನೋಡಿದವಳೇ ಸೆರಗು ಎಳೆದುಕೊಂಡು ಎದ್ದಳು.

"ಬಾಯಾರ, ನೀವರ ಹೇಳ್ರಿ. ನಮ್ಮತ್ತಿ ಕೈಯಿಂದ ಆ ಅಮ್ಮಾರು ಎಷ್ಟ ವರ್ಷ ಕುಡದಾರ. ಆವತ್ತ ಕುಡೀಲೇ ಇಲ್ಲಂತ. 'ಇವತ್ತ ಬ್ಯಾಡ ಲಗಮವ್ವಾ' ಅಂದು ಮುಂದ ಹೋದ್ರಂತ. ಹೇಳಿದ್ರ ಯಾರೂ ನಂಬವಲ್ಲರು."

"ನಂಬೂದು ಹೆಂಗ? ನೋಡಿದವ ನಾ ಇದ್ದೀನಲ್ಲ."

ಮಾತಾಡಿದವನು ಗಿರಿಮಲ್ಲಪ್ಪ. ಹಿಪ್ಪರಗಿಯ ಕಬ್ಬಿನ ಸಾಹುಕಾರ. ಕಾಶೀಬಾಯಿಯ ವಾಡೆ ಕೆಡವಿ ಅಲ್ಲಿ ಟ್ರ್ಯಾಕ್ಟರ್ ಅಂಗಡಿ ಹಾಕುವ ಆಸೆಯಿಂದ ಒಂದು ವರ್ಷ ಅವಳ ಬಾಗಿಲಿಗೆ ಅಲೆದಿದ್ದ. ಅವಳು ಪ್ರತಿ ಸಲವೂ ಚಹಾ ಕೊಟ್ಟು 'ಇಲ್ಲ' ಅಂದು ಕಳಿಸಿದ್ದಳು. ಶೈಲಾ ಅವನನ್ನು ಇಲ್ಲಿಗೇ ಬರಹೇಳಿದ್ದಳು. ಬೈಕಿನಿಂದ ಇಳಿಯದೆ ಒಂದು ಕಾಲು ಊರಿ ನಿಂತಿದ್ದ.

"ಇಳೀರಿ ಸಾಹುಕಾರ್ರ," ಎಂದಳು ಶೈಲಾ. "ನಿನ್ನೆ ಹೇಳಿದ್ದನ್ನ ಇನ್ನೊಮ್ಮೆ ಹೇಳ್ರಿ. ಈ ಅಕ್ಕಾರು ಕೇಳ್ಲಿ."

"ಎಷ್ಟ ಸಲ ಹೇಳಬೇಕ್ರಿ? ನಾ ಇಲ್ಲೇ ಹಾದ ಹೊಂಟಿದ್ದೆ. ಈ ಮುದಿಕಿ ಕೊಟ್ಟ ಮಜ್ಜಗೀನ ಕಾಶೀಬಾಯಾರು ಕುಡಿಯೂದ ಕಣ್ಣಾರೆ ನೋಡೇನಿ. ಒಂದಲ್ಲ, ಎರಡ ಗ್ಲಾಸ."

"ಎರಡ ಗ್ಲಾಸ ಯಾಕ?"

"ರುಚಿ ಹತ್ತಿತ್ತು, ಕುಡದ್ರು. 'ಏನ ಇಂಗ ಹಾಕೀ ಲಗಮವ್ವಾ, ಘಮಾ ಅಂತೈತಿ' ಅಂತ ಹೊಗಳಿದ್ರು ಮತ್ತ."

ತಾರವ್ವ ನೆಲಕ್ಕೆ ಉಗುಳಿದಳು. "ನಿನ್ನ ನಾಲಿಗಿ ಸೇದಿ ಹೋಗ್ಲಿ."

ಇಂಗು ಎಂಬ ಮಾತು ಪ್ರಾಜಕ್ತಾಳೊಳಗೆ ಎಲ್ಲಿಗೋ ಹೋಗಿ ತಾಗಿತು. ಲಗಮವ್ವನ ಮಜ್ಜಿಗೆಗೆ ಹಸಿಶುಂಠಿ, ಕೊತ್ತಂಬರಿ, ಇಂಗಿನ ಒಗ್ಗರಣೆ. ಆತ್ಯಾ ಅದನ್ನು ಚಪ್ಪರಿಸಿ ಕುಡಿಯುತ್ತಿದ್ದದ್ದು ಊರಿಗೇ ಗೊತ್ತು. ಆದರೆ ಆವತ್ತು 'ಇವತ್ತ ಬ್ಯಾಡ' ಅಂದಳಂತೆ. ಬಿದ್ದಾಗ ಚಂದ್ರನನ್ನು ಕೇಳಿದಳು.

ಅಡುಗೆಮನೆಯ ಗೋಡೆಯ ಕ್ಯಾಲೆಂಡರು ಅವಳ ಕಣ್ಣೆದುರು ಬಂತು. ಆ ದಿನದ ಚೌಕದಲ್ಲಿ ಸಣ್ಣ ಗಣಪತಿಯ ಚಿತ್ರ.

"ಇವರು ಸುಳ್ಳ ಹೇಳಲಿಕ್ಕೆ ಹತ್ಯಾರ ಮೇಡಂ," ಎಂದಳು. ದನಿ ತಾನೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. "ಆವತ್ತ ಸಂಕಷ್ಟಿ. ಆತ್ಯಾನ ಉಪವಾಸ. ಚಂದ್ರನ್ನ ನೋಡಿ, ಗಣಪತಿಗೆ ನೈವೇದ್ಯ ಆದ ಮ್ಯಾಲೇ ಊಟ. ಅದಕ್ಕ ಚಂದ್ರ ಬಂದ್ನೇನ ಅಂತ ಕೇಳಿದ್ದು."

ಗಿರಿಮಲ್ಲಪ್ಪ ನಕ್ಕ. "ಉಪಾಸ ಇದ್ರ ಮಜ್ಜಗಿ ನಡೀತೈತಲ್ರಿ ಬಾಯಾರ! ನಮ್ಮ ಮನ್ಯಾಗ ಸೋಮವಾರ ಹಿಡೀತಾರ, ಗಡಿಗಿಗಟ್ಟಲೆ ಕುಡೀತಾರ."

"ನಿಮ್ಮ ಮನ್ಯಾಗ ನಡೀತದ. ನಮ್ಮಲ್ಲಿ ಸಂಕಷ್ಟಿ ದಿನ ಇಂಗು ನಡಿಯೂದಿಲ್ಲ. ಇಂಗಿನ್ಯಾಗ ಗೋದಿ ಹಿಟ್ಟು ಕೂಡಿರ್ತದ. ಅಡಗಿ ಉಪ್ಪೂ ಇಲ್ಲ, ಸೈಂಧವ ಉಪ್ಪ ಆಗಬೇಕು. ಆ ದಿನ ಲಗಮವ್ವನ ಮಜ್ಜಗಿ ಆತ್ಯಾ ಬಾಯಿಗೂ ತರ್ತಿರಲಿಲ್ಲ. ವಾಸನೀ ಬಂದ್ರ ದೂರ ಸರದ ನಿಂದರ್ತಿದ್ರು."

ತಾರವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಗಿರಿಮಲ್ಲಪ್ಪನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಕಳಚಿಡುವುದನ್ನು ಮರೆತಂತೆ.

"ಉಪಾಸದ ಮಾತ ನನಗ ಯಾರೂ ಹೇಳಲಿಲ್ಲ," ಎಂದ.

ಶೈಲಾ ಒಂದು ಹೆಜ್ಜೆ ಮುಂದೆ ಬಂದಳು. "ಅದನ್ನ ಹೇಳಲಿಲ್ಲ. ಹಂಗಾರ ಏನ ಹೇಳಿದ್ರು? ಯಾರು ಹೇಳಿದ್ರು?"

ಅವನು ಶೈಲಾಳನ್ನು ನೋಡಲಿಲ್ಲ. ಪ್ರಾಜಕ್ತಾಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಸಾವಾಗಿದೆ ಎಂದು ಇನ್ನೂ ತಿಳಿಯದವರನ್ನು ದಾರಿಯಲ್ಲಿ ಕಂಡವರು ಹಾಗೆ ನೋಡುತ್ತಾರೆ.

"ವಕೀಲರನ್ನ ಕರಕೊಂಡ ಬರ್ತೀನಿ," ಎಂದ. ಬೈಕು ಶುರುವಾಗಲು ಎರಡು ಮೂರು ಸಲ ಒದೆಯಬೇಕಾಯಿತು.

*

ವಾಡೆಯ ಅಂಗಳದಲ್ಲಿ ತುಳಸಿ ಒಣಗಿತ್ತು. ಕಟ್ಟೆಯ ಮೇಲೆ ಪ್ರಾಜಕ್ತಾ ಲೋಟಗಳನ್ನು ಸಾಲಾಗಿ ಇಟ್ಟಳು, ಆವತ್ತು ಮಸಾಲೆ ಹಾಲಿಗೆಂದು ಇಟ್ಟ ಹಾಗೆ.

"ಬೇವಿನ ಮರದ ಕಡೆಯಿಂದ ಆತ್ಯಾ ಒಬ್ಬರೇ ಮುಂದ ಬಂದ್ರು," ಎಂದಳು. "ದೀಪ ಹಚ್ಚತೀನಿ, ನೀ ಮಂದೀನ ಸಾವಕಾಶ ಕರಕೊಂಡ ಬಾ ಅಂದ್ರು. ನಾವು ಬಂದಾಗ ಈ ಕಂಬಕ್ಕ ಆತು ನಿಂತಿದ್ರು. ಬೆವತಿದ್ರು. ನಾ ದಣಿವು ಅಂತ ತಿಳಕೊಂಡೆ."

"ಅಂದ್ರ ಸ್ವಲ್ಪ ಹೊತ್ತು ಇಲ್ಲಿ ಅವರೊಬ್ಬರೇ ಇದ್ರು. ಇಲ್ಲಾ, ಅವರ ಜೋಡಿ ಇನ್ನೊಬ್ಬರು ಇದ್ರು."

ಶೈಲಾ ಕಟ್ಟೆಯ ಮೇಲೆ ಕೂತಳು. ಬೂಟಿನ ತುದಿಯಿಂದ ಒಣ ತುಳಸಿಯೆಲೆಗಳನ್ನು ಒಂದೆಡೆಗೆ ಸರಿಸಿದಳು.

"ಒಂದ ಮಾತ ಹೇಳ್ತೀನಿ ಅಕ್ಕಾರ. ಆಸ್ಪತ್ರ್ಯಾಗ ಅವರು ವಾಂತಿ ಮಾಡಿದ್ದು ಮಜ್ಜಗೀನ. ಅದರಾಗ ಸುಳ್ಳಿಲ್ಲ, ನರ್ಸಮ್ಮ ನೋಡ್ಯಾಳ. ಲಗಮವ್ವನ ಮಜ್ಜಗಿ ಅಲ್ಲಂದ್ರ, ಉಪಾಸಕ್ಕ ನಡಿಯೂ ಮಜ್ಜಗಿ ಒಂದು ಎಲ್ಲಿಂದೋ ಬಂದೈತಿ. ಸೈಂಧವ ಹಾಕಿ, ಇಂಗ ಬಿಟ್ಟು ಮಾಡಿದ್ದು. ಅಂಥಾದ್ದನ್ನ ಅವರಿಗೆ ಯಾರು ಮಾಡಿ ಕೊಡ್ತಿದ್ರು?"

ಉತ್ತರ ಹೇಳುವ ಮೊದಲೇ ಪ್ರಾಜಕ್ತಾಳಿಗೆ ತನ್ನ ಉತ್ತರ ತನ್ನನ್ನು ಎಲ್ಲಿಗೆ ಒಯ್ದು ನಿಲ್ಲಿಸುತ್ತದೆಂದು ಗೊತ್ತಾಯಿತು.

"ನಾ," ಎಂದಳು. "ಪ್ರತಿ ಸಂಕಷ್ಟಿಗೆ. ಅವರದೊಂದ ಫಿರಕಿ ತಂಬಿಗಿ ನಮ್ಮ ಮನ್ಯಾಗ ಇರ್ತದ. ಅದರಾಗ ತುಂಬಿ ತಂದಕೊಡ್ತೀನಿ."

"ಆವತ್ತ?"

"ಆವತ್ತ ಪುಣೆ ಮಂದಿ ಲಗೂನ ಬಂದುಬಿಟ್ರು. ಆ ಗಡಿಬಿಡಿಯೊಳಗ ಸಂಕಷ್ಟಿ ಅನ್ನೂದನ್ನ ಮರತೆ. ಈಗ, ಆ ಮರದ ಕೆಳಗ ನೆನಪಾತು."

"ತಂಬಿಗಿ?"

"ಮನ್ಯಾಗ ಅದ. ನಾ ಮುಟ್ಟಿಲ್ಲ."

ದೂರದಲ್ಲಿ ಯಾವುದೋ ಮಗ್ಗ ಖಟಖಟ ಹೊಡೆಯುತ್ತಿತ್ತು.

"ನೀವು ಬಾಯಿ ಬಿಡದಿದ್ರ ಲಗಮವ್ವ ನಾಳಿ ಜೇಲಿಗೆ ಹೋಗ್ತಿದ್ಲು," ಎಂದಳು ಶೈಲಾ. "ಈಗೂ ಹೋಗತಾಳ, ಆ ಮಜ್ಜಗಿ ಎಲ್ಲಿಂದ ಬಂತು ಅಂತ ನಾ ತೋರಸದಿದ್ರ. ಮುಂಜಾನೆ ನಿಮ್ಮ ಅಡಗಿಮನಿ ನೋಡಾಕ ಬರ್ತೀನಿ. ಕೋರ್ಟಿನ ಕಾಗದ ಮಾಡಿಸಿಕೊಂಡು ಬರ್ತೀನಿ. ಸಿಟ್ಟಾಗಬ್ಯಾಡ್ರಿ."

"ನನ್ನ ಮ್ಯಾಲೆ ಸಂಶಯ ಅದ ಏನು?"

"ಸುಳ್ಳ ಹೇಳಾಕ ಆಗೂದಿಲ್ಲ ನನಗ. ಎಲ್ಲಾರ ಮ್ಯಾಲೂ ಐತಿ." ಶೈಲಾ ಎದ್ದು ಒಂದು ಲೋಟ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಏನ ಚೊಕ್ಕ ಬೆಳಗೀರಿ. ಒಂದ ಹನಿ ನೀರಿನ ಕಲೆ ಇಲ್ಲ."

*

ದೀಪ ಹಚ್ಚುವ ಹೊತ್ತಿಗೆ ಪ್ರಾಜಕ್ತಾ ಮನೆ ಸೇರಿದಳು. ಹೊರಕೋಣೆಯಲ್ಲಿ ದತ್ತಾತ್ರೇಯ ಟಿ.ವಿ.ಯ ದನಿ ತಗ್ಗಿಸಿದ.

"ಏನಂದ್ರು?"

"ಏನಿಲ್ಲ. ನಡದ್ವಿ, ಬಂದ್ವಿ."

ನೇರ ಅಡುಗೆಮನೆಗೆ ಹೋದಳು. ಚೀಲ ಕೆಳಗಿಟ್ಟಳು. ಮಣೆಯ ಮೇಲೆ ನಿಂತು ಮೇಲಿನ ಹಲಗೆಗೆ ಕೈಚಾಚಿದಳು.

ಹಿಂದಿನ ತಿಂಗಳು ಈ ತಂಬಿಗೆಯನ್ನು ತೊಳೆದು, ಒರೆಸಿ, ಬೋರಲು ಹಾಕಿ, ಮುಚ್ಚಳವನ್ನು ಪಕ್ಕದಲ್ಲಿ ಇಟ್ಟಿದ್ದಳು. ಹಾಗೇ ಇಡುತ್ತಾಳೆ. ಅವಳ ಅವ್ವ ಹಾಗಿಡುತ್ತಿದ್ದಳು, ಅವ್ವನ ಅವ್ವನೂ. ಕತ್ತಲಲ್ಲಿ ಕೈಯಾಡಿಸಿದರೂ ತನ್ನ ಪಾತ್ರೆ ಹೇಗೆ ಕೂತಿದೆಯೆಂದು ಅವಳಿಗೆ ತಿಳಿಯುತ್ತದೆ.

ತಂಬಿಗೆ ನೆಟ್ಟಗೆ ನಿಂತಿತ್ತು. ಮುಚ್ಚಳ ಬಿಗಿಯಾಗಿ ತಿರುವಿ ಕೂತಿತ್ತು.

ಮಧ್ಯಾಹ್ನ ಇದನ್ನು ನೋಡಿಯೂ ನೋಡಿರಲಿಲ್ಲ. ಸತ್ತವರ ಪಾತ್ರೆಯೆಂದು ಕಣ್ಣು ತಪ್ಪಿಸಿದ್ದಳು.

ಮುಚ್ಚಳ ತಿರುವಿದಳು. ಒಳಗೆ ನೀರಿನ ಹನಿಗಳು ಇನ್ನೂ ಆರಿರಲಿಲ್ಲ. ಹುಳಿ ಮುಗ್ಗು ವಾಸನೆ ಮೇಲೆದ್ದು ಬಂತು. ಅದೇ ವಾಸನೆ. ಎಷ್ಟೋ ವರ್ಷ ಎಷ್ಟೋ ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಬಂದ ವಾಸನೆ. ಮುಚ್ಚಳದ ತಿರುವಿನ ಗೆರೆಯೊಳಗೆ ಮಜ್ಜಿಗೆಯ ಬಿಳಿಯ ಎಳೆಯೊಂದು ಒಣಗಿ ಕೂತಿತ್ತು.

ಮಗಳು ಮೃಣ್ಮಯಿ ಧಾರವಾಡದ ಹಾಸ್ಟೆಲ್ಲಿನಲ್ಲಿ. ಮನೆಯ ಕೀಲಿ ಎರಡೇ. ಒಂದು ಆವತ್ತು ಇಡೀ ಸಂಜೆ ಪ್ರಾಜಕ್ತಾಳ ಸೊಂಟದಲ್ಲಿತ್ತು. ಇನ್ನೊಂದನ್ನು ಇಟ್ಟುಕೊಂಡಿದ್ದ ಗಂಡ, 'ರಬಕವಿಯ ಬಸ್ಸು ಕೆಟ್ಟು ನಿಂತಿತ್ತು, ಇಳಿದವನೇ ಸೀದಾ ಆಸ್ಪತ್ರೆಗೆ ಬಂದೆ' ಎಂದಿದ್ದ. ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಅವಳು ತನ್ನ ಸೆರಗಿನಿಂದಲೇ ಅವನ ಮುಖ ಒರೆಸಿದ್ದಳು.

ವಾಡೆಗೆ ಅವನೊಬ್ಬನೇ ವಾರಸುದಾರ. ಆ ಮಾತು ಅವಳಿಗೆ ಯಾವಾಗಲೂ ಗೊತ್ತಿತ್ತು. ಮನೆಯೊಳಗಿನ ಸಾಮಾನಿನಂತೆ ಅದೂ ಒಂದು ಮೂಲೆಯಲ್ಲಿ ಬಿದ್ದಿತ್ತು. ವಾಡೆ ಬೇಕೆಂದು ಅಲೆದ ಗಿರಿಮಲ್ಲಪ್ಪ ಮರದ ಕೆಳಗೆ ತನ್ನನ್ನು ಹಾಗೇಕೆ ನೋಡಿದನೆಂದು ಈಗ ತಿಳಿಯಿತು.

ಕೈ ತಾನಾಗಿ ಹುಣಸೆಹಣ್ಣಿನ ಬಟ್ಟಲಿಗೆ ಹೋಯಿತು. ನಲ್ಲಿ ಪಕ್ಕದಲ್ಲೇ ಇತ್ತು. ಒಂದು ಸಲ ತಿಕ್ಕಿದರೆ ಸಾಕು. ಮುಂಜಾನೆ ಬರುವವರಿಗೆ ಹೊಳೆಯುವ ಒಂದು ತಂಬಿಗೆ ಸಿಗುತ್ತದೆ, ಒಂದು ಹನಿ ಕಲೆಯಿಲ್ಲದ್ದು. ಶೈಲಾ ಈ ರಾತ್ರಿಯನ್ನು ಅವಳಿಗೆ ಬಿಟ್ಟುಕೊಟ್ಟದ್ದು ತೊಳೆಯಲೆಂದೋ, ತೊಳೆಯದೆ ಇರುತ್ತಾಳೋ ನೋಡಲೆಂದೋ?

ಬೇವಿನ ಮರದ ಕೆಳಗಿನ ಬೋರಲು ಗಡಿಗೆಗಳು ನೆನಪಾದವು.

"ಪ್ರಾಜೂ."

ತಂಬಿಗೆಯನ್ನು ಸೆರಗಿನ ಮರೆಗೆ ತಂದುಕೊಂಡು ತಿರುಗಿದಳು. ದತ್ತಾತ್ರೇಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಸ್ಟೀಲಿನ ಲೋಟ, ಅದರ ಮೇಲೆ ತಾಟು ಮುಚ್ಚಿತ್ತು.

"ದಣದಿರಬೇಕು. ನೀ ಬರೂದರಾಗ ಮಜ್ಜಗಿ ಮಾಡಿಟ್ಟಿದ್ದೆ. ತೊಗೊ."

ಇಷ್ಟು ವರ್ಷದಲ್ಲಿ ಅವನು ಅವಳ ಕೈಗೆ ಒಂದು ಲೋಟ ನೀರು ಕೊಟ್ಟವನಲ್ಲ. ನಡಿಗೆ ಮುಗಿಸಿ, ಬಂದವರಿಗೆಲ್ಲ ಕುಡಿಸಿ, ಒಣ ಗಂಟಲಲ್ಲಿ ಮನೆಗೆ ಬಂದ ಸಂಜೆಗಳಲ್ಲಿ ಅವಳು ಇದೊಂದನ್ನೇ ಬಯಸಿದ್ದಳು. ಬಾಗಿಲಲ್ಲಿ ಯಾರಾದರೂ ನಿಂತು 'ತೊಗೊ' ಅನ್ನಲಿ ಎಂದು.

"ನಿಮಗ ಮಜ್ಜಗಿ ಮಾಡಲಿಕ್ಕೆ ಬರ್ತದೇನು?"

"ಅದರಾಗೇನದ? ಮೊಸರು, ನೀರು, ಉಪ್ಪು, ಜೀರಗಿ."

"ಇಂಗು?"

ಅವನು ಅರೆಕ್ಷಣ ತಡೆದ. "ಇಲ್ಲ. ಯಾಕ?"

"ಸುಮ್ಮನ ಕೇಳಿದೆ." ಒಂದು ಕೈಯಿಂದ ಲೋಟ ತೆಗೆದುಕೊಂಡಳು. ತಣ್ಣಗಿತ್ತು. "ಕೈಕಾಲು ತೊಳಕೊಂಡು ಕುಡೀತೀನಿ. ನೀವ ನಡೀರಿ."

ಅವನು ಕದಲಲಿಲ್ಲ. "ಬಿಸಲಾಗ ಅಡ್ಡಾಡಿ ಬಂದೀ. ಮೊದಲ ಕುಡಿ."

"ದೇವರಿಗೆ ದೀಪ ಹಚ್ಚಿಲ್ಲ ಇನ್ನೂ."

ಅವನು ಹೊರಕೋಣೆಗೆ ಹೋದ. ಟಿ.ವಿ. ಮತ್ತೆ ಮಾತಾಡತೊಡಗಿತು.

ಪ್ರಾಜಕ್ತಾ ದೀಪ ಹಚ್ಚಿದಳು. ಈ ಲೋಟದಲ್ಲಿ ಬರೀ ಮಜ್ಜಿಗೆಯೇ ಇರಬಹುದು. ಬರೀ ಮಜ್ಜಿಗೆಯೇ ಇದ್ದರೆ, ಅಯ್ಯೋ, ಅದು ಅವನು ಅವಳಿಗೆಂದು ಮಾಡಿದ ಮೊದಲ ಮಜ್ಜಿಗೆ. ಆ ಯೋಚನೆಯ ಹತ್ತಿರ ಅವಳು ಒಂದು ಗಳಿಗೆ ನಿಂತಳು. ಆಮೇಲೆ ಹುಣಸೆಹಣ್ಣಿನ ಬಟ್ಟಲನ್ನು ಮುಚ್ಚಿ ಒಳಗಿಟ್ಟಳು.

ತಂಬಿಗೆಯ ಮುಚ್ಚಳವನ್ನು ಮೊದಲಿದ್ದಂತೆಯೇ ಬಿಗಿಯಾಗಿ ತಿರುವಿದಳು. ಮಣೆ ಹತ್ತಿ, ಮೊದಲಿದ್ದ ಜಾಗದಲ್ಲಿಯೇ, ಅವನು ಇಟ್ಟಂತೆಯೇ ನೆಟ್ಟಗೆ ಇಟ್ಟಳು. ಅದರ ಮಗ್ಗುಲಿಗೆ, ತಾಟು ಮುಚ್ಚಿದ ಲೋಟವನ್ನೂ ಇಟ್ಟು, ಮುಂದೊಂದು ಡಬ್ಬ ಸರಿಸಿದಳು.

"ಕುಡದ್ಯೇನು?" ಹೊರಗಿನಿಂದ ದನಿ ಬಂತು.

"ಹೂಂ," ಎಂದಳು. "ಛಲೋ ಆಗ್ಯದ."

ಆಮೇಲೆ ಅವನ ಊಟದ ಡಬ್ಬಿಯನ್ನು ಕೈಗೆತ್ತಿಕೊಂಡು, ಒಳಗೂ ಹೊರಗೂ ಒರೆಸಿ, ನಾಳೆಗೆಂದು ಬೋರಲು ಹಾಕಿದಳು. ಮುಂಜಾನೆ ಯಾರು ಬರುತ್ತಾರೆಂದು ಅವನಿಗೆ ಹೇಳಲಿಲ್ಲ.